ಪೂಜಾಗ್ರಂಥದ ಕನ್ನಡ: ಧರ್ಮಾಧ್ಯಕ್ಷರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಅತಿ ವಂದನೀಯ ಧರ್ಮಾಧ್ಯಕ್ಷರುಗಳಿಗೆ, ಆರಾಧನೆಯ ಕನ್ನಡ ಪಠ್ಯಗಳ ಹೊಣೆ ಹೊತ್ತ ಗುರುಗಳಿಗೆ ಮಂಗಳೂರು ಮತ್ತು ಉಡುಪಿಯಿಂದ ವಂದನೆಗಳು.

ಒಂದು ಪದದಿಂದಲೇ ಶುರುಮಾಡುತ್ತೇವೆ. ಲಿಟರ್ಜಿ, ಅಂದರೆ ಧರ್ಮಸಭೆಯ ಸಾಮೂಹಿಕ ಆರಾಧನೆ, ಎಂಬುದಕ್ಕೆ ನಮ್ಮ ಕನ್ನಡ ಧಾರ್ಮಿಕ ಬರಹಗಳಲ್ಲಿ ‘ದೈವಾರಾಧನೆ’ ಎಂಬ ಮಾತು ಬಳಕೆಯಲ್ಲಿದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅದು ದೇವರ ಆರಾಧನೆ ಎಂದೇ ಕೇಳಿಸುತ್ತದೆ. ಘಟ್ಟ ಇಳಿದರೆ ಅರ್ಥವೇ ಬೇರೆ. ಇಲ್ಲಿ ದೈವಾರಾಧನೆ ಎಂದರೆ ತುಳುನಾಡಿನ ಭೂತಾರಾಧನೆ: ಕೋಲ, ನೇಮ, ಪಂಜುರ್ಲಿ, ಗುಳಿಗ. ಇಗರ್ಜಿಯ (ಚರ್ಚಿನ) ಫಲಕದ ಮೇಲೆ ‘ದೈವಾರಾಧನಾ ಸಮಿತಿಯ ಸಭೆ’ ಎಂದು ಬರೆದರೆ ದಾರಿಹೋಕ ತುಳುವರು ಒಮ್ಮೆ ನಿಂತು ಓದಿಯೇ ಓದುತ್ತಾರೆ. ನಿಘಂಟಿನ ಪ್ರಕಾರ ಪದ ಸರಿ, ಊರಿನ ಪ್ರಕಾರ ತಪ್ಪು. ಪೂಜಾಗ್ರಂಥದ, ಅಂದರೆ ಬಲಿಪೂಜೆಯ ಪ್ರಾರ್ಥನೆಗಳ ಪುಸ್ತಕದ, ಯಾವ ಸಾಲನ್ನು ಪರಿಷ್ಕರಿಸಿದರೂ ಅದನ್ನು ಲತೀನ್ ಮೂಲದ ಎದುರು ಇಟ್ಟು ನೋಡಿ, ಆಮೇಲೆ ಕನ್ನಡ ಬಾಯಿಯಲ್ಲಿ ಆಡಿಸಿ ನೋಡಿ. ನಡುವೆ ಇಂಗ್ಲಿಷ್ ಪುಸ್ತಕವನ್ನು ತರಬೇಡಿ. ನಮ್ಮ ಅಹವಾಲು ಇಷ್ಟೇ. ಉಳಿದದ್ದೆಲ್ಲ ಇದರ ಕಾರಣಗಳು.

ಇಂಗ್ಲಿಷ್ ಬೇಡ ಎನ್ನುವುದಕ್ಕೆ ಕಾರಣ ಆ ಭಾಷೆಯ ಮೇಲಿನ ಸಿಟ್ಟಲ್ಲ. 1963ರ ಡಿಸೆಂಬರ್ 4ರಂದು ಎರಡನೇ ವತಿಕಾನ್ ಮಹಾಸಭೆ ಆರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. 1969ರ ಜನವರಿಯಲ್ಲಿ ಬಂದ ರೋಮಿನ ಮಾರ್ಗಸೂಚಿ, ಅರ್ಥ ಜನರಿಗೆ ಮುಟ್ಟುವುದು ಮುಖ್ಯ ಎಂದಿತು. 2001ರ ಮಾರ್ಚ್ 28ರ ‘ಲಿತುರ್ಜಿಯಾಮ್ ಔತೆಂತಿಕಾಮ್’ ಎಂಬ ರೋಮಿನ ಇನ್ನೊಂದು ಸೂಚನೆ, ಒಂದು ಪದವೂ ಬಿಡದೆ, ಸೇರಿಸದೆ ಲತೀನಿನಂತೆ ಇರಬೇಕು ಎಂದಿತು. 2017ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ‘ಮಾಗ್ನುಮ್ ಪ್ರಿನ್ಚಿಪಿಯುಮ್’ ಮೂಲಕ ಧರ್ಮಸಭೆಯ ಕಾನೂನಿನ 838ನೇ ವಿಧಿಯನ್ನು ತಿದ್ದಿ, ಅನುವಾದ ಸಿದ್ಧಪಡಿಸಿ ಒಪ್ಪುವ ಕೆಲಸವನ್ನು ಧರ್ಮಾಧ್ಯಕ್ಷರ ಮಂಡಳಿಗಳಿಗೆ ಕೊಟ್ಟರು. ರೋಮ್ ಅದನ್ನು ದೃಢೀಕರಿಸುತ್ತದೆ. ಹಾಗಾಗಿ ಚೆಂಡು ಈಗ ನಿಮ್ಮ ಅಂಗಳದಲ್ಲಿದೆ. ಈ ಮಧ್ಯೆ ಇಂಗ್ಲಿಷಿನವರು 1973ರ ಸಡಿಲ ಪಠ್ಯ, 2011ರ ಬಿಗಿ ಪಠ್ಯ ಎರಡನ್ನೂ ಕಂಡು ಇನ್ನೂ ಜಗಳವಾಡುತ್ತಿದ್ದಾರೆ. ಆ ಜಗಳ ಹುಟ್ಟಿದ್ದು ಅವರ ವ್ಯಾಕರಣದಿಂದ. ನಮ್ಮ ವ್ಯಾಕರಣ ಎತ್ತುವ ತಕರಾರುಗಳೇ ಬೇರೆ. ಅವರ ಪುಸ್ತಕ ನೋಡಿ ಅನುವಾದಿಸಿದರೆ ಅವರ ರೋಗವೂ ಬರುತ್ತದೆ, ಅವರ ಮದ್ದೂ ಬರುತ್ತದೆ. ನಮ್ಮ ರೋಗ ಮಾತ್ರ ಹಾಗೇ ಉಳಿಯುತ್ತದೆ.

ಒಂದು ಪುರಾವೆ. ಪ್ರಾರಂಭದ ಪ್ರಾರ್ಥನೆ ಮುಗಿಯುವಾಗ ಲತೀನಿನಲ್ಲಿ ‘ದೇಉಸ್’ ಎಂಬ ಒಂಟಿ ಪದವಿದೆ. ಅದು ಪುತ್ರನನ್ನು ಕುರಿತದ್ದು: ಕ್ರಿಸ್ತನು ದೇವರಾಗಿ ಬಾಳಿ ಆಳುತ್ತಾನೆ ಎಂಬ ಸಾಕ್ಷ್ಯ. ಪುತ್ರನು ಪಿತನಂತೆ ದೇವರಲ್ಲ ಎಂದ ಆರಿಯುಸನ ವಾದವನ್ನು ನಿರಾಕರಿಸುವ ಮಾತು. ಇಂಗ್ಲಿಷಿನವರು ಅದನ್ನು ‘ಒಬ್ಬ ದೇವರು’ ಎಂದು ತಿರುಗಿಸಿದ್ದರು. ಆಗ ಮಾತು ಪುತ್ರನನ್ನು ಬಿಟ್ಟು ಪಿತ, ಪುತ್ರ, ಪವಿತ್ರಾತ್ಮ ಮೂವರ ತ್ರಿತ್ವದ ಕಡೆ ಹೊರಳಿತು. ರೋಮ್ ತಪ್ಪನ್ನು ಎತ್ತಿ ತೋರಿಸಿದ ಮೇಲೆ 2021ರ ವಿಭೂತಿ ಬುಧವಾರದಿಂದ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ‘ಒಬ್ಬ’ ಎಂಬುದನ್ನು ಕಿತ್ತುಹಾಕಿದರು. ಕನ್ನಡದಲ್ಲಿ ಎಲ್ಲೆಲ್ಲಿ ಈ ಜಾಗದಲ್ಲಿ ‘ಏಕದೇವರಾಗಿ’, ‘ಒಬ್ಬರೇ ದೇವರಾಗಿ’ ಎಂದಿದೆಯೋ ಅಲ್ಲೆಲ್ಲ ಅನುವಾದಕರ ಮೇಜಿನ ಮೇಲೆ ಇಂಗ್ಲಿಷ್ ಪುಸ್ತಕವಿತ್ತು ಎಂದು ತಿಳಿಯಬಹುದು. ‘ನಿಮ್ಮೊಡನೆ, ಪವಿತ್ರಾತ್ಮರ ಐಕ್ಯದಲ್ಲಿ, ದೇವರಾಗಿ ಬಾಳಿ ಆಳುವ’ ಎಂದರೆ ಸಾಕು.

ಈಗ ನಮ್ಮದೇ ರೋಗಕ್ಕೆ ಬರೋಣ. ಕನ್ನಡದಲ್ಲಿ ಗೌರವ ಮತ್ತು ಬಹುವಚನ ಎರಡಕ್ಕೂ ರೂಪ ಒಂದೇ. ಒಬ್ಬ ಧರ್ಮಾಧ್ಯಕ್ಷರು ಬಂದರು, ಹತ್ತು ಮಂದಿ ಬಂದರು: ಕ್ರಿಯಾಪದ ನೋಡಿದರೆ ವ್ಯತ್ಯಾಸ ಗೊತ್ತಾಗದು. ಯೇಸು ಕಲಿಸಿದ ‘ನಮ್ಮ ತಂದೆಯೇ’ ಎಂಬ ಕರ್ತರ ಪ್ರಾರ್ಥನೆ ಪ್ರೊಟೆಸ್ಟಂಟರ ಹಳೆಯ ಬೈಬಲಿನಲ್ಲಿ ‘ನಿನ್ನ ನಾಮವು’ ಎಂದಿದೆ. ಕಥೋಲಿಕರು ‘ನಿಮ್ಮ ನಾಮವು’ ಎನ್ನುತ್ತೇವೆ. ಕೊಂಕಣಿಯಲ್ಲಿ ಅದೇ ತಂದೆಯನ್ನು ‘ತುಜೆಂ’ ಎಂದು ಏಕವಚನದಲ್ಲಿ ಕರೆಯುತ್ತೇವೆ, ಯಾರಿಗೂ ಅಗೌರವ ಅನ್ನಿಸಿಲ್ಲ. ವಚನಕಾರರೂ ದಾಸರೂ ದೇವರನ್ನು ‘ನೀನು’ ಎಂದವರೇ. ದಿನನಿತ್ಯದ ಪ್ರಾರ್ಥನೆಯಲ್ಲಿ ಇದರಿಂದ ತೊಂದರೆ ಇಲ್ಲ. ಪರಮ ತ್ರಿತ್ವದ ಹಬ್ಬದ ಪೂಜೆಯಲ್ಲಿ ‘ಪ್ರಸ್ತಾವನೆ’ ಎಂದು ಕರೆಯುವ ಸ್ತುತಿ ಪ್ರಾರ್ಥನೆಗೆ ಬನ್ನಿ, ಅಲ್ಲಿ ಕಾಲು ಜಾರುತ್ತದೆ. ಲತೀನಿನಲ್ಲಿ ಪಿತನನ್ನು ಕುರಿತು, ‘ನಿನ್ನ ಏಕಮಾತ್ರ ಪುತ್ರ ಹಾಗೂ ಪವಿತ್ರಾತ್ಮನೊಡನೆ ನೀನು ಒಬ್ಬನೇ ದೇವರು, ಒಬ್ಬನೇ ವ್ಯಕ್ತಿ ಎಂಬರ್ಥದಲ್ಲಲ್ಲ, ಒಂದೇ ಸತ್ವದ ತ್ರಿತ್ವದಲ್ಲಿ’ ಎಂದಿದೆ. ಇದನ್ನು ‘ನೀವು ಒಬ್ಬರೇ ದೇವರು’ ಎಂದು ಹೇಳಿದರೆ ಆ ‘ನೀವು’ ಪಿತನೊಬ್ಬನೋ ಮೂವರೂ ಸೇರಿಯೋ? ಕಿವಿಗೆ ಗೊತ್ತಾಗುವುದಿಲ್ಲ. ಪಠ್ಯದ ಕಸುಬೇ ಆ ವ್ಯತ್ಯಾಸ ಹೇಳುವುದಾಗಿದ್ದಾಗ ಇದು ಸಣ್ಣ ಲೋಪವಲ್ಲ.

ಪರಿಹಾರ ಇದೆ. ಬಾಯಿಪಾಠವಾದ ಪ್ರಾರ್ಥನೆಗಳನ್ನು ಮುಟ್ಟಬೇಡಿ; ‘ನಿಮ್ಮ’ ಎಂದು ಕಲಿತ ಅಜ್ಜಿಯ ಬಾಯಲ್ಲಿ ‘ನಿನ್ನ’ ತುರುಕಿದರೆ ಜಗಳ ಬರುತ್ತದೆ, ಲಾಭ ಬರುವುದಿಲ್ಲ. ಸಂಖ್ಯೆಯ ಮೇಲೆ ಸಿದ್ಧಾಂತ ನಿಂತಿರುವ ಕೆಲವೇ ಜಾಗಗಳಲ್ಲಿ ಸರ್ವನಾಮಕ್ಕೆ ಬದಲು ಹೆಸರನ್ನೇ ಇಡಿ: ‘ಪಿತನೇ, ನೀವು ನಿಮ್ಮ ಪುತ್ರನೊಡನೆ...’ ಎಂದು. ಪವಿತ್ರಾತ್ಮನ ವಿಚಾರದಲ್ಲಿ ಇನ್ನೊಂದು ಎಚ್ಚರ. ಕನ್ನಡದಲ್ಲಿ ‘ಆತ್ಮ’ ನಪುಂಸಕ. ‘ಪವಿತ್ರಾತ್ಮದ ಶಕ್ತಿ’ ಎಂದು ಬೆರಳಚ್ಚಿನವರು ಒಂದು ಅಕ್ಷರ ಬದಲಿಸಿದರೆ ತ್ರಿತ್ವದ ಮೂರನೆಯ ವ್ಯಕ್ತಿ ವಿದ್ಯುತ್ತಿನಂಥ ವಸ್ತುವಾಗಿಬಿಡುತ್ತಾನೆ. ಕೊಂಕಣಿಯ ‘ಆತ್ಮೊ’ ಪುಲ್ಲಿಂಗ, ಅಲ್ಲಿ ಈ ಅಪಾಯ ಇಲ್ಲ. ಹಳಬರ ‘ಸ್ಪಿರಿತ್ ಸಾಂತ್’ನಲ್ಲಂತೂ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕರಡು ತಿದ್ದುವವರು ‘ಪವಿತ್ರಾತ್ಮದ’, ‘ಪವಿತ್ರಾತ್ಮವು’ ಎಂಬ ಎರಡು ರೂಪಗಳನ್ನು ಗಣಕಯಂತ್ರದಲ್ಲಿ ಹುಡುಕಿಸಿ ನೋಡಲಿ, ಹತ್ತು ನಿಮಿಷದ ಕೆಲಸ.

ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಪ್ರಮಾಣದ ಮುಖ್ಯ ಪದದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು. 325ರಲ್ಲಿ ನಿಸೇಯ ಮಹಾಸಭೆ ಪುತ್ರನನ್ನು ಪಿತನೊಡನೆ ‘ಹೊಮೊಊಸಿಯೊಸ್’ ಎಂದಿತು. ಲತೀನಿನಲ್ಲಿ ‘ಕೊನ್ಸುಬ್‌ಸ್ತಾನ್‌ಸಿಯಾಲೆಮ್’. ಗ್ರೀಕಿನಲ್ಲಿ ನಡುವೆ ಒಂದು ‘ಇ’ ಸೇರಿಸಿದರೆ ‘ಅದೇ ಸತ್ವ’ ಹೋಗಿ ‘ಅಂಥದೇ ಸತ್ವ’ ಆಗುತ್ತದೆ. ಆ ಒಂದಕ್ಷರಕ್ಕಾಗಿ ದಶಕಗಟ್ಟಲೆ ಹೋರಾಡಿದರು. ಕನ್ನಡದಲ್ಲಿ ಮೊದಲು ಕೈಗೆ ಬರುವ ಪದ ‘ಸಮಾನ’. ಅದರಲ್ಲಿ ‘ಅದೇ’ ಮತ್ತು ‘ಅಂಥದೇ’ ಎರಡೂ ಅಡಗಿವೆ. ನಿಸೇಯ ಬೇರ್ಪಡಿಸಿದ್ದನ್ನು ‘ಸಮಾನ’ ಮತ್ತೆ ಹೊಲಿದುಬಿಡುತ್ತದೆ. ಆದ್ದರಿಂದ ಅದು ಬೇಡ. ‘ಒಂದೇ’ ಅಥವಾ ‘ಏಕ’ ಬೇಕು.

ಯಾವುದು ಒಂದೇ? ‘ಸ್ವಭಾವ’ ಎನ್ನೋಣವೆಂದರೆ ಆಡುಮಾತಿನಲ್ಲಿ ಅದು ಗುಣನಡತೆ: ಅಪ್ಪನ ಸ್ವಭಾವವೇ ಮಗನಿಗೂ ಬಂದಿದೆ ಎಂದಂತೆ. ಅದೂ ಅಲ್ಲದೆ 451ರ ಕಲ್ಕೆದೋನಿಯ ಮಹಾಸಭೆ ಕ್ರಿಸ್ತನಲ್ಲಿ ಎರಡು ಸ್ವಭಾವಗಳಿವೆ ಎಂದಿದೆ. ಆ ಪದ ಅಲ್ಲಿಗೆ ಮೀಸಲು. ‘ಸ್ವರೂಪ’ ಇಂದಿನ ಕನ್ನಡದಲ್ಲಿ ಹೊರನೋಟ. ‘ತತ್ವ’ ಎಂದರೆ ಉಡುಪಿಯಲ್ಲಿ ಎಚ್ಚರದಿಂದಿರಬೇಕು: ಮಧ್ವಾಚಾರ್ಯರ ಮತಕ್ಕೇ ತತ್ತ್ವವಾದವೆಂದು ಹೆಸರು, ಅಲ್ಲಿ ಸ್ವತಂತ್ರ ತತ್ತ್ವ ಮತ್ತು ಅಸ್ವತಂತ್ರ ತತ್ತ್ವ ಎಂಬ ಖಚಿತ ವಿಂಗಡಣೆ ಇದೆ, ಅಷ್ಟಮಠಗಳ ಊರಿನಲ್ಲಿ ಓದಿದವರು ಆ ಅರ್ಥದಲ್ಲೇ ಕೇಳುತ್ತಾರೆ. ಓದದವರಿಗೆ ತತ್ವ ಎಂದರೆ ಪಕ್ಷದ ತತ್ವ ಸಿದ್ಧಾಂತ. ‘ಅಂಶ’ ಎಂದರೆ ಪಾಲು, ಅದು ನಿಸೇಯಕ್ಕೆ ನೇರ ವಿರೋಧ. ‘ಏಕಸತ್ತೆ’ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಅದನ್ನು ಗಟ್ಟಿಯಾಗಿ ಓದಿ ನೋಡಿ: ‘ಸತ್ತೆ’ ಎಂದರೆ ಪ್ರಾಣ ಹೋಯಿತು ಎಂದೇ ಕನ್ನಡಿಗನ ಕಿವಿ ಹೇಳುತ್ತದೆ. ನಮ್ಮ ಮತ ‘ಪಿತನೊಡನೆ ಒಂದೇ ಸತ್ವದವರು’ ಎಂಬುದಕ್ಕೆ. ಸತ್ವ, ರಜಸ್ಸು, ತಮಸ್ಸು ಎಂಬ ಗುಣತ್ರಯದ ನೆನಪು ಬರುವುದು ನಿಜ. ಆದರೆ ಉಳಿದವಕ್ಕಿಂತ ಕಡಿಮೆ ಹಾನಿ ಅದರಿಂದ. ನೀವು ಬೇರೆ ಪದ ಆರಿಸಿದರೂ ಯಾಕೆಂದು ನಾಲ್ಕು ಸಾಲು ಬರೆದು ಪ್ರಕಟಿಸಿ.

ಅದೇ ವಿಶ್ವಾಸ ಪ್ರಮಾಣದಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಒಂದು ಅನುಕೂಲವೂ ಇದೆ, ಯಾರೂ ಅದನ್ನು ದುಡಿಸಿಕೊಂಡಂತೆ ಕಾಣುವುದಿಲ್ಲ. ಲತೀನ್ ಪಠ್ಯ ‘ದೇವರಲ್ಲಿ’ ವಿಶ್ವಾಸವಿಡುತ್ತೇನೆ ಎನ್ನುತ್ತದೆ. ಧರ್ಮಸಭೆಯ ಮಾತು ಬಂದಾಗ ಆ ‘ಅಲ್ಲಿ’ ಎಂಬ ಪ್ರತ್ಯಯದ ಪದವನ್ನು ಬಿಟ್ಟುಬಿಡುತ್ತದೆ. ದೇವರಲ್ಲಿ ಇಡುವ ಭರವಸೆ ಬೇರೆ, ಧರ್ಮಸಭೆ ಪವಿತ್ರವೂ ಏಕವೂ ಹೌದೆಂದು ನಂಬುವುದು ಬೇರೆ. ನಮ್ಮ ವಿಭಕ್ತಿ ಇದನ್ನು ಸಲೀಸಾಗಿ ಹೇಳುತ್ತದೆ: ‘ಏಕದೇವರಲ್ಲಿ ವಿಶ್ವಾಸವಿಡುತ್ತೇನೆ... ಧರ್ಮಸಭೆಯನ್ನು ವಿಶ್ವಾಸಿಸುತ್ತೇನೆ.’ ಸಪ್ತಮಿ ಮತ್ತು ದ್ವಿತೀಯೆ, ಅಷ್ಟೇ. ಎಲ್ಲ ಕಡೆ ‘ಅಲ್ಲಿ’ ಹಾಕಿ ಸಮತಟ್ಟು ಮಾಡಬೇಡಿ.

‘ಬಲಿ’ ಮತ್ತು ‘ಪ್ರಸಾದ’ದ ಬಗ್ಗೆ ಚಿಕ್ಕದಾಗಿ. ಪತ್ರಿಕೆಯಲ್ಲಿ ‘ಅಪಘಾತಕ್ಕೆ ಇಬ್ಬರು ಬಲಿ’ ಎಂದು ಓದುವ, ದೇವಸ್ಥಾನದಲ್ಲಿ ಬಲಿ ಉತ್ಸವ ನೋಡುವ ಜನರ ನಡುವೆ ‘ದಿವ್ಯ ಬಲಿಪೂಜೆ’ ಎಂಬ ಮಾತು ನಿಂತುಕೊಂಡಿದೆ, ಗಟ್ಟಿಯಾಗಿಯೇ ನಿಂತಿದೆ. ಅದನ್ನು ಮೆತ್ತಗೆ ಮಾಡುವ ಆಸೆ ಬೇಡ. ‘ಪ್ರಸಾದ’ದಲ್ಲಿ ಮಾತ್ರ ಗೋಜಲಿದೆ. ಪರಮ ಪ್ರಸಾದ ಎಂದರೆ ಕ್ರಿಸ್ತನ ಶರೀರ, ವರಪ್ರಸಾದ ಎಂದರೆ ದೈವಕೃಪೆ. ಎರಡೂ ಒಂದೇ ವಾಕ್ಯದಲ್ಲಿ ಬಂದಾಗ, ಅದರಲ್ಲೂ ಪರಮ ಪ್ರಸಾದ ಸ್ವೀಕಾರದ ನಂತರದ ಪ್ರಾರ್ಥನೆಗಳಲ್ಲಿ, ಕೇಳುವವರಿಗೆ ಯಾವುದು ಯಾವುದೆಂದು ತಿಳಿಯದು. ಅಲ್ಲಿ ‘ಕೃಪೆ’ ಬಳಸಿ.

ಕರ್ತರ ಪ್ರಾರ್ಥನೆಯಲ್ಲಿ ‘ನಮ್ಮನ್ನು ಶೋಧನೆಗೆ ಒಳಪಡಿಸದೆ’ ಎಂಬ ಸಾಲಿನ ‘ಶೋಧನೆ’ಯ ಕತೆ ಇನ್ನೂ ಸ್ವಾರಸ್ಯದ್ದು. ಫ್ರೆಂಚರು 2017ರ ಆಗಮನ ಕಾಲದಿಂದ, ಇಟಲಿಯವರು 2020ರ ಹೊಸ ಪೂಜಾಗ್ರಂಥದಿಂದ ಈ ಸಾಲನ್ನು ಬದಲಿಸಿದರು. ದೇವರೇ ಪಾಪಕ್ಕೆ ನೂಕುತ್ತಾನೆ ಎಂಬ ಭಾವನೆ ಬರಬಾರದೆಂಬುದು ಅವರ ಕಾಳಜಿ. ಅದನ್ನು ಕೇಳಿ ಇಲ್ಲೂ ಬದಲಾವಣೆ ಬೇಕೆನ್ನುವವರಿದ್ದಾರೆ. ಆದರೆ ಕನ್ನಡದ ‘ಶೋಧನೆ’ಯ ಸಮಸ್ಯೆ ಅದಲ್ಲವೇ ಅಲ್ಲ. ಇಂದಿನ ಮಗುವಿಗೆ ಶೋಧನೆ ಎಂದರೆ ಹುಡುಕಾಟ: ಪೊಲೀಸರ ಶೋಧ, ಆದಾಯ ತೆರಿಗೆಯವರ ಶೋಧ, ವಿಶ್ವವಿದ್ಯಾಲಯದ ಸಂಶೋಧನೆ. ‘ನಮ್ಮನ್ನು ಶೋಧನೆಗೆ ಒಳಪಡಿಸದೆ’ ಎಂದಾಗ ದೇವರು ಜೇಬು ತಡಕುವ ಚಿತ್ರ ಬರುತ್ತದೆ. ‘ಪರೀಕ್ಷೆ’ ಎಂದು ಬದಲಿಸಿದರೆ ಗ್ರೀಕ್ ಪದಕ್ಕೆ ಹತ್ತಿರವೇ, ಆದರೆ ಎಸ್ಸೆಸ್ಸೆಲ್ಸಿ ಮಕ್ಕಳು ಎಲ್ಲರಿಗಿಂತ ಭಕ್ತಿಯಿಂದ ಹೇಳುತ್ತಾರೆ. ‘ಪ್ರಲೋಭನೆ’ಯಲ್ಲಿ ಆಸೆ ಮಾತ್ರ ಇದೆ, ಕಷ್ಟದ ಪರೀಕ್ಷೆ ಇಲ್ಲ. ಪದ ಹಾಗೇ ಇರಲಿ, ದೊತೊರ್ನಿನ (ಮಕ್ಕಳ ಧರ್ಮೋಪದೇಶದ) ಪಾಠದಲ್ಲಿ ಅರ್ಥ ಬಿಡಿಸಿ ಹೇಳಿ ಎಂಬುದು ನಮ್ಮ ಅಭಿಪ್ರಾಯ. ಪ್ರೊಟೆಸ್ಟಂಟರೂ ಕಥೋಲಿಕರೂ ಇಬ್ಬರೂ ಉಳಿಸಿಕೊಂಡ ಪದಗಳು ಕನ್ನಡದಲ್ಲಿ ಹೆಚ್ಚಿಲ್ಲ, ಇದು ಅಂಥದ್ದೊಂದು.

ಬಲಿಪೂಜೆಯಲ್ಲಿ ಗುರುಗಳು ಪಾನಪಾತ್ರೆಯ ಮೇಲೆ ಹೇಳುವ ಮಾತಿನಲ್ಲಿ ‘ಪ್ರೊ ಮುಲ್ತಿಸ್’ ಅನ್ನು ‘ಎಲ್ಲರಿಗಾಗಿ’ ಎನ್ನದೆ ‘ಅನೇಕರಿಗಾಗಿ’ ಎನ್ನಬೇಕೆಂದು 2006ರ ಅಕ್ಟೋಬರಿನಲ್ಲಿ ರೋಮಿನಿಂದ ಪತ್ರ ಬಂತು. ಕ್ರಿಸ್ತ ಎಲ್ಲರಿಗಾಗಿ ಸತ್ತನೆಂಬ ಬೋಧನೆಯನ್ನು ಅದು ಅಲ್ಲಗಳೆಯಲಿಲ್ಲ. ಮತ್ತಾಯ ಮತ್ತು ಮಾರ್ಕರ ಪಠ್ಯಕ್ಕೆ, ಯೆಶಾಯನ 53ನೇ ಅಧ್ಯಾಯಕ್ಕೆ ಹೊಂದುವಂತೆ ಇರಲಿ ಎಂದಷ್ಟೇ ಹೇಳಿತು. ಇಂಗ್ಲಿಷಿನಲ್ಲಿ ಈ ಬದಲಾವಣೆಗೆ ಕೋಲಾಹಲವಾಯಿತು, ‘ಅನೇಕರು’ ಎಂದರೆ ‘ಕೆಲವರು ಬಿಟ್ಟು’ ಎಂದು ಕೇಳುತ್ತದೆಂದು. ಕನ್ನಡದಲ್ಲಿ ಆ ಗಾಬರಿ ಬೇಡ. ಅನೇಕ ಎಂದರೆ ಒಂದಲ್ಲದ್ದು, ನ-ಏಕ. ಯಾರನ್ನೂ ಹೊರಗಿಡುವ ಧ್ವನಿ ಅದರಲ್ಲಿಲ್ಲ. ‘ಬಹುಜನ’ಕ್ಕೆ ಮಾತ್ರ ಕೈ ಹಾಕಬೇಡಿ, ಅದಕ್ಕೆ ರಾಜಕೀಯದ ಬಣ್ಣ ಗಟ್ಟಿಯಾಗಿ ಹತ್ತಿದೆ. ಇದಕ್ಕೆ ವಿರುದ್ಧವಾದ ಉದಾಹರಣೆ, ‘ಪ್ರಭು ನಿಮ್ಮೊಡನೆ ಇರಲಿ’ ಎಂದು ಗುರುಗಳು ಹೇಳಿದಾಗ ಜನ ಕೊಡುವ ಪ್ರತ್ಯುತ್ತರ ‘ಎತ್ ಕುಮ್ ಸ್ಪಿರಿತು ತುಓ’. ಅಕ್ಷರಶಃ ‘ನಿಮ್ಮ ಆತ್ಮದೊಡನೆಯೂ’. ನಮ್ಮಲ್ಲಿ ಆತ್ಮದ ಹೆಸರೆತ್ತುವುದು ಸತ್ತವರ ವಿಷಯದಲ್ಲಿ: ಅವರ ಆತ್ಮಕ್ಕೆ ಶಾಂತಿ ಸಿಗಲಿ. ಬದುಕಿರುವ ಗುರುಗಳಿಗೆ ಹೇಳಿದರೆ ಶ್ರದ್ಧಾಂಜಲಿ ಸಭೆಯಂತಾಗುತ್ತದೆ ಎಂದು ಗೊಣಗುವವರು ಸುಮ್ಮನೆ ಗೊಣಗುತ್ತಿಲ್ಲ. ಆದರೂ ಅದು ಪೌಲನ ಪತ್ರಗಳ ಮಾತು, ಗುರುದೀಕ್ಷೆಯಲ್ಲಿ ಪಡೆದ ವರವನ್ನು ಸೂಚಿಸುತ್ತದೆಂದು ಪ್ರಾಚೀನ ವ್ಯಾಖ್ಯಾನವಿದೆ. ಇಡುವುದಾದರೆ ವಿವರಣೆಯೊಂದಿಗೆ ಇಡಿ.

ವಾಕ್ಯರಚನೆಯ ಕಷ್ಟ ಪದಗಳಿಗಿಂತ ದೊಡ್ಡದು. ಲತೀನ್ ಪ್ರಾರ್ಥನೆ ‘ದೇವರೇ’ ಎಂದು ಕರೆದು ಶುರುವಾಗುತ್ತದೆ, ಆಮೇಲೆ ‘ಯಾರು ಹೀಗೆ ಮಾಡಿದಿರೋ’ ಎಂದು ಬೆಳೆಯುತ್ತದೆ. ಕನ್ನಡದಲ್ಲಿ ವಿಶೇಷಣವಾಕ್ಯವೆಲ್ಲ ನಾಮಪದಕ್ಕಿಂತ ಮುಂಚೆ ಬರಬೇಕು. ಕ್ರಿಸ್ಮಸ್ ಹಗಲಿನ ಪ್ರಾರ್ಥನೆಯನ್ನು ಹಾಗೇ ಇಳಿಸಿದರೆ: ‘ಮಾನವ ಸತ್ವದ ಘನತೆಯನ್ನು ಅದ್ಭುತವಾಗಿ ಸೃಷ್ಟಿಸಿ ಅದಕ್ಕಿಂತಲೂ ಅದ್ಭುತವಾಗಿ ನವೀಕರಿಸಿದ ದೇವರೇ, ನಮ್ಮ ಮಾನವತ್ವದಲ್ಲಿ ಪಾಲುಗೊಳ್ಳಲು ಮನಮಾಡಿದ ಕ್ರಿಸ್ತರ ದೇವತ್ವದಲ್ಲಿ ನಾವೂ ಪಾಲುಗಾರರಾಗುವಂತೆ ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತೇವೆ.’ ಯಾರನ್ನು ಕರೆಯುತ್ತಿದ್ದೇವೆಂದು ತಿಳಿಯುವ ಹೊತ್ತಿಗೆ ಓದುವವರ ಉಸಿರು ಮುಗಿದಿರುತ್ತದೆ. ಒಡೆದು ಬರೆದರೆ: ‘ದೇವರೇ, ಮನುಷ್ಯನ ಘನತೆಯನ್ನು ಬೆರಗಾಗುವಂತೆ ಸೃಷ್ಟಿಸಿದಿರಿ, ಅದಕ್ಕೂ ಬೆರಗಾಗುವಂತೆ ಮತ್ತೆ ರೂಪಿಸಿದಿರಿ. ನಮ್ಮ ಮನುಷ್ಯತನದಲ್ಲಿ ಪಾಲು ಪಡೆದ ಕ್ರಿಸ್ತರ ದೇವತ್ವದಲ್ಲಿ ನಮಗೂ ಪಾಲು ಕೊಡಿರಿ.’ ಕೇಳಲು ಹಗುರ. ಆದರೆ ‘ಸತ್ವ’ ಎಂಬ ಪದ ಬಿದ್ದುಹೋಯಿತು, ಮತ್ತು ಮೊದಲ ವಾಕ್ಯ ದೇವರಿಗೇ ಸುದ್ದಿ ಹೇಳಿದಂತಾಯಿತು. 1973ರ ಇಂಗ್ಲಿಷ್ ಪಠ್ಯದ ಮೇಲಿದ್ದ ದೂರು ಇದೇ. ನಡುದಾರಿ ಹೀಗಿರಬಹುದು: ಮೊದಲು ಕರೆಯಿರಿ, ಆಮೇಲೆ ವಿಶೇಷಣ, ಕೊನೆಗೆ ಕೋರಿಕೆ, ಒಂದು ಉಸಿರಿಗೆ 20 ಅಕ್ಷರ ದಾಟಬಾರದು. ಇನ್ನೊಂದು ಮಾತು: ಇದೇ ‘ದೇವತ್ವದಲ್ಲಿ ಪಾಲು’ ಎಂಬ ಮಾತು ದ್ರಾಕ್ಷಾರಸಕ್ಕೆ ನೀರು ಬೆರೆಸುವಾಗ ಗುರುಗಳು ಮೆಲ್ಲಗೆ ಹೇಳುವ ಪ್ರಾರ್ಥನೆಯಲ್ಲೂ ಇದೆ. ಎರಡೂ ಕಡೆ ಒಂದೇ ಕನ್ನಡ ಇರಬೇಕು. ಪದಪಟ್ಟಿ ಇಲ್ಲದೆ ಬೇರೆ ಬೇರೆ ಕೈಗಳು ಅನುವಾದಿಸಿದಾಗ ಮೊದಲು ಹಾಳಾಗುವುದು ಇಂಥ ಜೋಡಿಗಳೇ.

ಎಲ್ಲಕ್ಕಿಂತ ತುರ್ತಿನದು ಸಂಸ್ಕಾರಗಳ ಮೂಲವಾಕ್ಯ. ‘ನಾವು ನಿನಗೆ ಸ್ನಾನದೀಕ್ಷೆ ಕೊಡುತ್ತೇವೆ’ ಎಂದು ಬಹುವಚನದಲ್ಲಿ ಕೊಟ್ಟ ದೀಕ್ಷೆ ಅಸಿಂಧು ಎಂದು ರೋಮಿನ ವಿಶ್ವಾಸ ಬೋಧನಾ ಪೀಠ 2020ರಲ್ಲಿ ಸ್ಪಷ್ಟವಾಗಿ ಹೇಳಿತು. ಅಮೆರಿಕದಲ್ಲಿ ಇದರಿಂದಾಗಿ, ತಾನು ಗುರುವೆಂದು ತಿಳಿದಿದ್ದವರೊಬ್ಬರು ದೀಕ್ಷಾಸ್ನಾನದಿಂದ ಹಿಡಿದು ಗುರುದೀಕ್ಷೆಯವರೆಗೆ ಮತ್ತೆ ಪಡೆಯಬೇಕಾಯಿತು. ಇಂಗ್ಲಿಷಿನಲ್ಲಿ ಅದು ಒಂದು ಪೂರ್ತಿ ಪದದ ವ್ಯತ್ಯಾಸ. ಕನ್ನಡದಲ್ಲಿ ಸರ್ವನಾಮ ಬಿಟ್ಟು ಮಾತಾಡುವುದು ರೂಢಿ, ಆಗ ಉಳಿಯುವುದು ಕೊನೆಯ ಒಂದೇ ಅಕ್ಷರ: ‘ಕೊಡುತ್ತೇನೆ’ಯ ‘ನೆ’, ‘ಕೊಡುತ್ತೇವೆ’ಯ ‘ವೆ’. ವೇದಿಕೆಯ ಮೇಲೆ ‘ನಾವು’ ಎಂದು ಮಾತಾಡುವ ಅಭ್ಯಾಸವಿದ್ದವರಿಗೆ ನಾಲಗೆ ತಪ್ಪುವುದು ಸುಲಭ. ಹೊಸ ಮುದ್ರಣದಲ್ಲಿ ‘ನಾನು’ ಎಂಬುದನ್ನು ಬಿಡದೆ ಅಚ್ಚು ಹಾಕಿ, ‘ನೆ’ಯನ್ನು ದಪ್ಪಕ್ಷರದಲ್ಲಿ ಕೊಡಿ. ಈ ವಾಕ್ಯಗಳ ಅನುವಾದವನ್ನು ಪೋಪರೇ ಒಪ್ಪಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಇನ್ನು ಕೆಲಸ ನಡೆಯುವ ರೀತಿ. ಕರಡು ಸಿದ್ಧವಾದ ಮೇಲೆ ಮತಕ್ಕೆ ಹಾಕುವ ಮುಂಚೆ ಐದು ಮಂದಿಯ ಮುಂದೆ ಓದಿಸಿ: ಒಬ್ಬ ವಾಚಕ, ಗಾಯನ ಮಂಡಳಿಯ ಒಬ್ಬರು, ದೊತೊರ್ನ್ ಕಲಿಸುವ ಟೀಚರ್, ಏಳನೇ ತರಗತಿಯ ಮಗು, ಎಪ್ಪತ್ತು ದಾಟಿದ ಒಬ್ಬರು. ಪುಸ್ತಕ ಅವರ ಕೈಗೆ ಕೊಡಬೇಡಿ. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ. ಇಬ್ಬರು ತಪ್ಪಿ ಹೇಳಿದ ಸಾಲನ್ನು ಮತ್ತೆ ಬರೆಯಿರಿ. ಕೊಂಕಣಿ ಪಠ್ಯ ಮಾಡುವವರನ್ನೂ ಅದೇ ಮೇಜಿಗೆ ಕರೆಯಿರಿ. ನಮ್ಮ ಹೆಚ್ಚಿನ ಜನ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಎರಡರಲ್ಲೂ ಒಂದೇ ಪ್ರಾರ್ಥನೆ ಬಲ್ಲವರು, ಯಾವುದರಲ್ಲಿ ಅರ್ಥ ಸೋರಿತೆಂದು ತಟ್ಟನೆ ಹಿಡಿಯುತ್ತಾರೆ. ಈ ಊರಿಗೆ ಅದರ ಪರಂಪರೆಯೂ ಇದೆ: ಜೆಸ್ವಿತ್ ಗುರು ಮಾಫೇಯಿಯವರ ಕೊಂಕಣಿ ನಿಘಂಟು 1883ರಲ್ಲಿ ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ.

ಮುದ್ರಣದಲ್ಲಿ ಒತ್ತಕ್ಷರಗಳಿಗೆ ಜಾಗ ಬಿಡಿ. ಇಂಗ್ಲಿಷ್ ಪುಟದ ಅಳತೆಯಲ್ಲಿ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಮಂದ ಬೆಳಕಿನ ವೇದಿಕೆಯಲ್ಲಿ ಓದುವುದು ಕಷ್ಟ. ಸಾಲು ಮುರಿಯುವುದು ಉಸಿರಿನ ಜಾಗದಲ್ಲಿರಲಿ, ಅಂಚು ಬಂದ ಜಾಗದಲ್ಲಲ್ಲ. ಜನರ ಪ್ರತ್ಯುತ್ತರಗಳಲ್ಲಿ ಸಂಧಿಯನ್ನು ಒಂದೇ ರೀತಿ ತೀರ್ಮಾನಿಸಿ: ಅರ್ಧ ಇಗರ್ಜಿ ‘ನಿಮ್ಮೊಡನೆ ಇರಲಿ’, ಇನ್ನರ್ಧ ‘ನಿಮ್ಮೊಡನಿರಲಿ’ ಎಂದರೆ ಪ್ರತಿ ಭಾನುವಾರವೂ ಸ್ವರ ಒಡೆಯುತ್ತದೆ. ಹಾಡುವ ಭಾಗಗಳಲ್ಲಿ ಪದ ಬದಲಿಸುವುದಾದರೆ ಮಾತ್ರೆ ಎಣಿಸಿ. ಒಂದು ಮಾತ್ರೆ ಹೆಚ್ಚಾದರೂ ಹಳೆಯ ರಾಗ ಕುಂಟುತ್ತದೆ, ಜನ ಹಳೆಯ ಪದವನ್ನೇ ಹಾಡಿಬಿಡುತ್ತಾರೆ.

ಪರಿಷ್ಕೃತ ಪಠ್ಯ ಸಿದ್ಧವಾದ ದಿನ, ಮತದಾನಕ್ಕೆ ಮೂರು ತಿಂಗಳಾದರೂ ಮುಂಚೆ, ಪದಪಟ್ಟಿಯನ್ನು ಅದರ ಕಾರಣಗಳೊಂದಿಗೆ ಸಾರ್ವಜನಿಕರ ಮುಂದಿಡಬೇಕೆಂದು ವಿನಂತಿಸುತ್ತೇವೆ. ಮೊದಲ ಗಟ್ಟಿ ಓದಿಗೆ ಮಂಗಳೂರಿನಲ್ಲೋ ಕಲ್ಯಾಣಪುರದಲ್ಲೋ ಒಂದು ಸಂಜೆ ಗೊತ್ತುಮಾಡಿದರೆ ಓದುಗರನ್ನೂ ಕೇಳುಗರನ್ನೂ ಕರೆತರುವ ಕೆಲಸ ನಮ್ಮದು.

ಇಂತು ತಮ್ಮ ವಿಧೇಯ,
ಆರಾಧನೆಯ ಕನ್ನಡ ಮತ್ತು ಕೊಂಕಣಿ ಪಠ್ಯಗಳಲ್ಲಿ ಕೆಲಸ ಮಾಡುವ ಕೆಲವು ಶ್ರೀಸಾಮಾನ್ಯ ಕಥೋಲಿಕರು,
ಮಂಗಳೂರು – ಉಡುಪಿ